ಟೀ ಪುಡಿ ಡಬ್ಬಿಯ ರೋಬೋ, ಕೈ ಬೀಸುವಂಥದ್ದು

ರದ್ದಿಗೆ ಹಾಕುವ ಮುಂಚೆ ಮನೆಯಲ್ಲಿ ಒಂದು ಸಲ ಕಣ್ಣಾಡಿಸಿ. ಕಾಲು ಕೆಜಿ ಟೀ ಪುಡಿಯ ರಟ್ಟಿನ ಡಬ್ಬಿ, ಒಂದು ಸೋಪಿನ ಡಬ್ಬಿ, ಟೂತ್‌ಪೇಸ್ಟ್ ಡಬ್ಬಿ, ಖಾಲಿ ಬೆಂಕಿಪೊಟ್ಟಣ, ನೀರಿನ ಬಾಟಲಿಯ ನಾಲ್ಕು ಮುಚ್ಚಳ, ತೆಂಗಿನ ಪೊರಕೆಯ ಮೂರು ದಪ್ಪ ಕಡ್ಡಿ. ಇಷ್ಟಿದ್ದರೆ ಸಾಕು.

ಮೊದಲ ಕೆಲಸ ಡಬ್ಬಿಗಳನ್ನು ಒಳಹೊರಗು ಮಾಡುವುದು. ಅಂಟಿಸಿದ ಅಂಚನ್ನು ಮೆಲ್ಲಗೆ ಬಿಡಿಸಿ, ಬಣ್ಣದ ಮುಖ ಒಳಗೆ ಹೋಗುವ ಹಾಗೆ ಮಡಚಿ ಮತ್ತೆ ಅಂಟಿಸಿ. ಹೊಳೆಯುವ ಮುಖದ ಮೇಲೆ ವಾಟರ್ ಕಲರ್ ನಿಲ್ಲುವುದಿಲ್ಲ. ನಾವು ಮೊದಲ ಸಲ ಹಾಗೇ ಬಳಿದಿದ್ದೆವು, ಬಣ್ಣ ಒಣಗಿದ ಮೇಲೆ ಹಕ್ಕಳೆ ಎದ್ದು ಬಂತು, ಮಗಳ ಕಣ್ಣಲ್ಲಿ ನೀರು. ಒಳಗಿನ ಬೂದು ರಟ್ಟು ಬಣ್ಣವನ್ನು ಚೆನ್ನಾಗಿ ಹೀರುತ್ತದೆ.

ಅಂಟು ಮನೆಯಲ್ಲೇ ಆಗುತ್ತದೆ. ಎರಡು ಚಮಚ ಮೈದಾವನ್ನು ಅರ್ಧ ಲೋಟ ನೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ಆಗುವವರೆಗೆ ಕೈಯಾಡಿಸಿ, ಆರಿಸಿ. ಮುಚ್ಚಳಕ್ಕೆ ಮಾತ್ರ ಇದು ಹಿಡಿಯುವುದಿಲ್ಲ.

ಇನ್ನು ಕೈ. ಇಲ್ಲಿ ಆತುರ ಬೇಡ, ಯಾಕಂದ್ರೆ ಕೈ ಆಡದ ರೋಬೋ ಎರಡನೇ ದಿನ ಶೋಕೇಸ್ ಸೇರುತ್ತದೆ. ಟೂತ್‌ಪೇಸ್ಟ್ ಡಬ್ಬಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಎರಡು ಕೈ. ಟೀ ಡಬ್ಬಿಯ ಎರಡೂ ಪಕ್ಕದಲ್ಲಿ, ಭುಜದ ಎತ್ತರಕ್ಕೆ, ಎದುರುಬದುರು ತೂತು ಮಾಡಿ. ಈ ತೂತು ಸಡಿಲ ಇರಬೇಕು, ಕೈಯ ತೂತು ಬಿಗಿ ಇರಬೇಕು. ಒಂದೇ ಕಡ್ಡಿ ಆ ಕೈಯಿಂದ ಈ ಕೈವರೆಗೆ ಹಾಯಬೇಕು. ಆಗ ಒಂದು ಕೈ ಎತ್ತಿದರೆ ಇನ್ನೊಂದೂ ಏಳುತ್ತದೆ, ಮಕ್ಕಳು ಒಳಗೆ ಏನಾಯ್ತು ಅಂತ ಇಣುಕಿ ನೋಡುತ್ತಾರೆ. ಸುಮ್ನೆ ಇದ್ದುಬಿಡಿ, ಅವರೇ ಕಂಡುಹಿಡಿಯಲಿ.

ಕೈ ಕಳಚದ ಹಾಗೆ ಕಡ್ಡಿಯ ತುದಿಗೆ ಸೈಕಲ್ ವಾಲ್ವ್ ಟ್ಯೂಬಿನ ಚಿಕ್ಕ ತುಂಡು ಸಿಕ್ಕಿಸಿ. ಕಸದಿಂದ ವಿಜ್ಞಾನದ ಆಟಿಕೆ ಮಾಡಲು ಕಲಿಸಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿಗಳನ್ನು ಜೋಡಿಸಿ ತ್ರಿಕೋನ, ಚೌಕ ಕಟ್ಟಿ ತೋರಿಸಿದ್ದು ಇದೇ ಟ್ಯೂಬಿನಿಂದ. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಚಕ್ರಕ್ಕೆ ಪೇಪರ್ ತುಂಡನ್ನು ಪೆನ್ಸಿಲ್‌ಗೆ ಸುತ್ತಿ ಅಂಟಿಸಿ, ಪೆನ್ಸಿಲ್ ಎಳೆದುಬಿಡಿ. ಅಂಥ ಎರಡು ಕೊಳವೆಗಳನ್ನು ಡಬ್ಬಿಯ ತಳಕ್ಕೆ ಅಂಟಿಸಿ ಒಳಗೆ ಕಡ್ಡಿ ತೂರಿಸಿ. ಮುಚ್ಚಳಗಳ ಸರಿಯಾದ ನಡುವಿಗೆ ಕಾದ ಮೊಳೆಯಿಂದ ತೂತು ಹಾಕಿ, ಕಡ್ಡಿಗೆ ಬಿಗಿಯಾಗಿ ಕೂರಿಸಿ. ಈ ಕೆಲಸ ದೊಡ್ಡವರದ್ದು. ತೂತು ಒಂಚೂರು ಪಕ್ಕಕ್ಕೆ ಹೋದರೂ ರೋಬೋ ಕುಂಟುತ್ತದೆ. ನಮ್ಮ ಮಗಳಿಗೆ ಆ ಕುಂಟು ನಡಿಗೆಯೇ ಇಷ್ಟವಾಗಿ ಸರಿಮಾಡಲು ಬಿಡಲಿಲ್ಲ.

ಸೋಪಿನ ಡಬ್ಬಿ ತಲೆ, ಹಳೇ ಅಂಗಿಯ ಗುಂಡಿ ಕಣ್ಣು. ವಾಚಿನ ಗುಂಡಿ ಸೆಲ್ ಮಾತ್ರ ಕಣ್ಣಿಗೆ ಇಡಲೇಬೇಡಿ. ಮಗು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕಾಗುತ್ತದೆ. ತೀರಾ ಚಿಕ್ಕ ಮಕ್ಕಳಿದ್ದರೆ ಗುಂಡಿಯೂ ಬೇಡ, ಕಣ್ಣು ಬರೆದರಾಯ್ತು.

ಕೊನೆಗೆ ಬೆಂಕಿಪೊಟ್ಟಣವನ್ನು ಎದೆಗೆ ಅಂಟಿಸಿ, ಡ್ರಾಯರ್ ಎಳೆಯಲು ಬರುವ ಹಾಗೆ. ಅದರೊಳಗೆ ಏನಿಡಬೇಕು ಅಂತ ಮಗುವನ್ನೇ ಕೇಳಿ. ನಮ್ಮನೆ ರೋಬೋದ ಎದೆಯಲ್ಲಿ ಈಗ ಒಂದು ಗುಲಗಂಜಿ ಗಾತ್ರದ ಕಲ್ಲು ಮತ್ತು ಮಡಚಿದ ಬಸ್ ಟಿಕೆಟ್ ಇವೆ.