ಜೆಂಟೂ ಲಿನಕ್ಸ್ ಕಟ್ಟುವಾಗ ಬೇರೆ ಬೇರೆ ಪ್ರೊಸೆಸರ್‌ಗಳಿಗೆ ಕಂಪೈಲರ್ ಆಯ್ಕೆಗಳನ್ನು ಹೊಂದಿಸುವ ಕ್ರಮ

ಲಿನಕ್ಸ್ ವಿತರಣೆಗಳಲ್ಲಿ ಹೆಚ್ಚಿನವು ಸಿದ್ಧ ಬೈನರಿಗಳನ್ನೇ, ಅಂದರೆ ಮೊದಲೇ ಕಂಪೈಲ್ ಮಾಡಿದ ಪ್ರೋಗ್ರಾಂಗಳನ್ನೇ, ಕೊಡುತ್ತವೆ. ಆ ಬೈನರಿಗಳು ಯಾರ ಮನೆಯ ಯಂತ್ರದಲ್ಲಾದರೂ ಓಡಬೇಕಾದುದರಿಂದ, 2003ರಲ್ಲಿ ಎಎಂಡಿಯ ಆಪ್ಟೆರಾನ್ ಜೊತೆಗೆ ಬಂದ ಮೂಲ 64-ಬಿಟ್ ಯಂತ್ರಸೂಚನೆಗಳಿಗೇ ಡೆಬಿಯನ್‌ನಂಥ ವಿತರಣೆಗಳು ಇಂದಿಗೂ ಅಂಟಿಕೊಂಡಿವೆ. ಜೆಂಟೂ ಮೂಲ ಕೋಡಿನಿಂದಲೇ ವ್ಯವಸ್ಥೆಯನ್ನು ಕಟ್ಟುವ ವಿತರಣೆಯಾದ ಕಾರಣ, ಯಾವ ಪ್ರೊಸೆಸರ್‌ಗಾಗಿ ಕಟ್ಟಬೇಕೆಂಬ ನಿರ್ಧಾರವನ್ನು ಅದು ನಮಗೇ ಬಿಡುತ್ತದೆ. ಈ ಸ್ವಾತಂತ್ರ್ಯವನ್ನು ಒಂದೇ ಯಂತ್ರದಲ್ಲಿ ಬಳಸುವುದು ಸುಲಭ. ಹೊಸದು, ಹಳೆಯದು ಎಂದು ನಾಲ್ಕಾರು ಬಗೆಯ ಯಂತ್ರಗಳಿರುವಲ್ಲಿ ಅದಕ್ಕೆ ಒಂದು ಕ್ರಮ ಬೇಕಾಗುತ್ತದೆ. ಆ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ. ಆಯ್ಕೆಗಳ ಮತ್ತು ಫೈಲುಗಳ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎಲ್ಲಕ್ಕಿಂತ ಮೊದಲು ಎರಡು ಆಯ್ಕೆಗಳ ನಡುವಿನ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ಮೂಲ ಕೋಡನ್ನು ಬೈನರಿಯಾಗಿಸುವ ಕಂಪೈಲರ್ ಜಿಸಿಸಿ. ಅದರ ಎಂ-ಆರ್ಚ್ ಆಯ್ಕೆಯು ಯಾವ ಸೂಚನೆಗಳನ್ನು ಬಳಸಲು ಅನುಮತಿಯಿದೆ ಎಂಬುದನ್ನು ಹೇಳುತ್ತದೆ. ಅದು ನಾವು ಕಂಪೈಲರ್‌ಗೆ ಕೊಡುವ ಮಾತು. ಈ ಬೈನರಿ ಓಡುವ ಪ್ರತಿಯೊಂದು ಯಂತ್ರದಲ್ಲೂ ಆ ಸೂಚನೆಗಳಿರುತ್ತವೆ ಎಂದು ನಂಬಿಯೇ ಕಂಪೈಲರ್ ಕೆಲಸ ಮಾಡುತ್ತದೆ. ಎಂ-ಟ್ಯೂನ್ ಹಾಗಲ್ಲ. ಅನುಮತಿಯಿರುವ ಸೂಚನೆಗಳನ್ನೇ ಯಾವ ಅನುಕ್ರಮದಲ್ಲಿ ಜೋಡಿಸಿದರೆ ಯಾವ ಪ್ರೊಸೆಸರ್ ಚೆನ್ನಾಗಿ ಓಡಿಸುತ್ತದೆ ಎಂಬುದಷ್ಟೇ ಅದರ ವ್ಯಾಪ್ತಿ. ಎಂ-ಟ್ಯೂನ್ ತಪ್ಪಾದರೆ ಪ್ರೋಗ್ರಾಂ ಸ್ವಲ್ಪ ನಿಧಾನವಾಗಬಹುದು, ಎಂ-ಆರ್ಚ್ ತಪ್ಪಾದರೆ ಪ್ರೋಗ್ರಾಂ ಓಡುವುದೇ ಇಲ್ಲ.

ಆದ್ದರಿಂದ ಈ ಆಯ್ಕೆಗಳನ್ನು ಬರೆಯುವ ಮೇಕ್.ಕಾನ್ಫ್ ಫೈಲನ್ನು ತೆರೆಯುವ ಮುಂಚೆಯೇ ನಿಮ್ಮ ಯಂತ್ರಗಳ ಪಟ್ಟಿ ಮಾಡಿ. ಪ್ರತಿಯೊಂದರಲ್ಲೂ ಎಲ್‌ಎಸ್‌ಸಿಪಿಯು ಆದೇಶವನ್ನು ಓಡಿಸಿ, ಅದು ತೋರಿಸುವ ಫ್ಲ್ಯಾಗ್‌ಗಳ (ಪ್ರೊಸೆಸರ್‌ನಲ್ಲಿರುವ ಸೂಚನಾ ಗುಂಪುಗಳ ಹೆಸರುಗಳ) ಸಾಲನ್ನು ಒಂದು ಫೈಲಿನಲ್ಲಿ ಉಳಿಸಿಕೊಳ್ಳಿ. ಅದನ್ನು ಓದಿ ಅರ್ಥಮಾಡಿಕೊಳ್ಳುವ ಶ್ರಮವನ್ನು 2020ರಲ್ಲಿ ರೂಪುಗೊಂಡ ಹಂತಗಳು ಬಹಳಷ್ಟು ಕಡಿಮೆ ಮಾಡಿವೆ. ಇಂಟೆಲ್, ಎಎಂಡಿ, ರೆಡ್ ಹ್ಯಾಟ್ ಮತ್ತು ಸೂಸೆ ಸೇರಿ 64-ಬಿಟ್ ಎಕ್ಸ್86 ಪ್ರೊಸೆಸರ್‌ಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದವು. ಮೂಲ ಹಂತದ ಮೇಲೆ ಎಸ್‌ಎಸ್‌ಇ4.2 ಮತ್ತು ಪಾಪ್‌ಸಿಎನ್‌ಟಿ ಮುಂತಾದ ಸೂಚನೆಗಳು ಸೇರಿದರೆ ವಿ2. ಎವಿಎಕ್ಸ್2, ಎಫ್‌ಎಂಎ, ಬಿಎಂಐ1, ಬಿಎಂಐ2, ಎಲ್‌ಝೆಡ್‌ಸಿಎನ್‌ಟಿ ಸೇರಿದರೆ ವಿ3. ಎವಿಎಕ್ಸ್-512ರ ಐದು ಭಾಗಗಳು ಸೇರಿದರೆ ವಿ4. ಜಿಸಿಸಿ 11ರಿಂದ ಈ ಹೆಸರುಗಳನ್ನು ಎಂ-ಆರ್ಚ್‌ಗೆ ನೇರವಾಗಿ ಕೊಡಬಹುದು. ನಿಮ್ಮ ಯಂತ್ರ ಯಾವ ಹಂತದ್ದೆಂದು ತಿಳಿಯಲು ಜಿಲಿಬ್‌ಸಿಯ (ಬಹುತೇಕ ಎಲ್ಲ ಪ್ರೋಗ್ರಾಂಗಳೂ ನೆಚ್ಚಿಕೊಂಡಿರುವ ಮೂಲ ಸಿ ಲೈಬ್ರರಿಯ) ಡೈನಾಮಿಕ್ ಲೋಡರ್ ಅನ್ನೇ ಹೆಲ್ಪ್ ಆಯ್ಕೆಯೊಡನೆ ಓಡಿಸಿದರೆ ಸಾಕು, 2.33ನೇ ಆವೃತ್ತಿಯಿಂದ ಈಚೆಗೆ, ತಾನು ಬೆಂಬಲಿಸುವ ಹಂತಗಳನ್ನು ಅದು ಕೊನೆಯಲ್ಲಿ ಪಟ್ಟಿ ಮಾಡುತ್ತದೆ.

ತಲೆಮಾರಿನ ಹೆಸರು ನೋಡಿ ಊಹೆ ಮಾಡಬೇಡಿ. 2013ರ ಹ್ಯಾಸ್ವೆಲ್ ತಲೆಮಾರಿನ ಕೋರ್ ಐ5ರಲ್ಲಿ ಎವಿಎಕ್ಸ್2 ಇದೆ. ಅದೇ ತಲೆಮಾರಿನ ಪೆಂಟಿಯಂ ಮತ್ತು ಸೆಲೆರಾನ್‌ಗಳಲ್ಲಿ ಇಲ್ಲ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಫ್ಲ್ಯಾಗ್‌ಗಳ ಸಾಲನ್ನೇ ನಂಬಬೇಕು.

ಒಂದೇ ಯಂತ್ರವಿದ್ದು, ಅಲ್ಲೇ ಕಟ್ಟಿ ಅಲ್ಲೇ ಓಡಿಸುವುದಾದರೆ ಎಂ-ಆರ್ಚ್‌ಗೆ ನೇಟಿವ್ ಎಂಬ ಬೆಲೆಯೇ ಸರಿ. ಆಗ ಜಿಸಿಸಿ ಪ್ರೊಸೆಸರ್‌ನನ್ನೇ ಕೇಳಿ, ಇರುವ ಸೂಚನೆಗಳನ್ನು ತಿಳಿದುಕೊಂಡು, ಎಂ-ಟ್ಯೂನ್ ಅನ್ನೂ ಅದಕ್ಕೆ ತಕ್ಕಂತೆ ಹೊಂದಿಸುತ್ತದೆ. ಆದರೆ ನೇಟಿವ್ ಎಂಬುದು ಕಟ್ಟುವ ಯಂತ್ರದ ಮಾತು, ಓಡಿಸುವ ಯಂತ್ರದ್ದಲ್ಲ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ವರ್ಚುವಲ್ ಯಂತ್ರ ಇವತ್ತು ಒಂದು ಪ್ರೊಸೆಸರ್ ಮೇಲೆ, ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಇನ್ನೊಂದರ ಮೇಲೆ ಇರಬಹುದಾದ್ದರಿಂದ ಅಲ್ಲಿ ನೇಟಿವ್ ಬಳಸಬಾರದು. ಕೆಲಸ ಹಂಚುವ ಡಿಸ್ಟ್‌ಸಿಸಿ ಕೂಡ ನೇಟಿವ್ ಕಂಡೊಡನೆ ಆ ಫೈಲನ್ನು ಬೇರೆ ಯಂತ್ರಕ್ಕೆ ಕಳಿಸದೆ ಸ್ಥಳೀಯವಾಗಿಯೇ ಕಂಪೈಲ್ ಮಾಡುತ್ತದೆ, ಹೀಗಾಗಿ ಹಂಚಿಕೆಯ ಉದ್ದೇಶವೇ ತಪ್ಪಿಹೋಗುತ್ತದೆ. ಇಂಥ ಕಡೆ, ನೇಟಿವ್ ಏನೆಂದು ವಿಸ್ತರಿಸಲ್ಪಡುತ್ತದೆ ಎಂಬುದನ್ನು ರಿಸಾಲ್ವ್-ಮಾರ್ಚ್-ನೇಟಿವ್ ಎಂಬ ಪುಟ್ಟ ಉಪಕರಣದಿಂದ ತಿಳಿದು, ಆ ಸಾಲನ್ನೇ ಬರೆಯಬೇಕು.

ಈ ಎಚ್ಚರಿಕೆ ನನಗೆ ಅನುಭವದಿಂದ ಬಂದದ್ದು. ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ಝೆನ್2 ಪ್ರೊಸೆಸರ್‌ನ ಒಂದು ಯಂತ್ರ ಎಲ್ಲರಿಗಾಗಿ ಬೈನರಿ ಪ್ಯಾಕೇಜುಗಳನ್ನು ಕಟ್ಟುತ್ತಿತ್ತು. ಉಳಿದವುಗಳಲ್ಲಿ ಅದಕ್ಕಿಂತ ಹಳೆಯ, 2012ರ ಇಂಟೆಲ್ ಐವಿ ಬ್ರಿಡ್ಜ್ ಯಂತ್ರಗಳೂ ಇದ್ದವು. ಕಟ್ಟುವ ಯಂತ್ರದಲ್ಲಿ ನೇಟಿವ್ ಉಳಿದುಬಿಟ್ಟಿತ್ತು. ಹೊಸ ಜಿಲಿಬ್‌ಸಿ ಐವಿ ಬ್ರಿಡ್ಜ್ ಮೇಲೆ ಕುಳಿತ ಕ್ಷಣದಿಂದ ಎಲ್‌ಎಸ್ ಆದೇಶವೂ ಓಡಲಿಲ್ಲ. ಮರಳಿ ಬೂಟ್ ಮಾಡಿದಾಗ ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಂ ಆದ ಇನಿಟ್ ಸತ್ತು ಕರ್ನಲ್ ಪ್ಯಾನಿಕ್ ಆಯಿತು. ತೆರೆಯ ಮೇಲಿದ್ದ ಎಕ್ಸಿಟ್ ಕೋಡ್ 4 ಎಂದರೆ ನಾಲ್ಕನೇ ಸಿಗ್ನಲ್, ಅಂದರೆ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ. ಗಣಿತದ ಭಾರೀ ಪ್ರೋಗ್ರಾಂಗಳಿಗೆ ಮಾತ್ರ ಈ ತೊಂದರೆ ಬರುತ್ತದೆಂದು ಹಲವರು ತಿಳಿದಿರುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಬಿಎಂಐ2ರ ಎಸ್‌ಎಚ್‌ಎಲ್‌ಎಕ್ಸ್‌ನಂಥ ಸೂಚನೆಗಳನ್ನು ಕಂಪೈಲರ್ ತೀರ ಸಾಮಾನ್ಯ ಪೂರ್ಣಾಂಕ ಲೆಕ್ಕದಲ್ಲೂ ಧಾರಾಳವಾಗಿ ಬಳಸುತ್ತದೆ. ಹಾಳಾದ ವ್ಯವಸ್ಥೆಗೆ ಲೈವ್ ಯುಎಸ್‌ಬಿಯಿಂದ ಕ್ರೂಟ್ ಮಾಡಿಯೂ (ಅದರ ಡೈರೆಕ್ಟರಿಯನ್ನೇ ಬುಡವಾಗಿಸಿ ಒಳಹೊಕ್ಕರೂ) ಪ್ರಯೋಜನವಾಗಲಿಲ್ಲ, ಏಕೆಂದರೆ ಒಳಗಿನ ಬ್ಯಾಶ್ ಶೆಲ್ ಕೂಡ ಅದೇ ಜಿಲಿಬ್‌ಸಿಯನ್ನು ನೆಚ್ಚಿಕೊಂಡಿರುತ್ತದೆ. ಕೊನೆಗೆ ಡಿಸ್ಕ್ ಬಿಚ್ಚಿ ಝೆನ್2 ಯಂತ್ರಕ್ಕೇ ಜೋಡಿಸಿ, ಅಲ್ಲಿ ಕ್ರೂಟ್ ಮಾಡಿ, ಕೆಳಗಿನ ಹಂತಕ್ಕೆ ಮರಳಿ ಕಟ್ಟಿದೆ.

ಪ್ರೋಗ್ರಾಂ ಸಾಯುವುದಾದರೂ ಕಣ್ಣಿಗೆ ಕಾಣುತ್ತದೆ. ಸಂಖ್ಯೆಯ ಮುಂದಿನ ಸೊನ್ನೆ ಬಿಟ್‌ಗಳನ್ನು ಎಣಿಸುವ ಎಲ್‌ಝೆಡ್‌ಸಿಎನ್‌ಟಿ ಸೂಚನೆ ಅದಕ್ಕಿಂತ ಅಪಾಯಕಾರಿ. ಅದರ ಸಂಕೇತವು ಹಳೆಯ ಬಿಎಸ್‌ಆರ್ ಸೂಚನೆಗೆ ಒಂದು ಪೂರ್ವಪ್ರತ್ಯಯ ಸೇರಿಸಿದಂತಿದೆ. ಹಳೆಯ ಪ್ರೊಸೆಸರ್ ಆ ಪೂರ್ವಪ್ರತ್ಯಯವನ್ನು ಕಡೆಗಣಿಸಿ ಬಿಎಸ್‌ಆರ್ ಅನ್ನೇ ಓಡಿಸುತ್ತದೆ. ಯಾವ ದೋಷವೂ ವರದಿಯಾಗದೆ ತಪ್ಪು ಉತ್ತರ ಸಿಗುತ್ತದೆ.

ಈಗ ಹೊಂದಿಸುವ ಕೆಲಸ. ಇಟಿಸಿ ಅಡಿಯ ಪೋರ್ಟೇಜ್ ಡೈರೆಕ್ಟರಿಯಲ್ಲಿ ಮೇಕ್.ಕಾನ್ಫ್ ಫೈಲನ್ನು ತೆರೆದು, ಕಾಮನ್_ಫ್ಲ್ಯಾಗ್ಸ್ ಎಂಬ ಚರಕ್ಕೆ ಎಂ-ಆರ್ಚ್, ಎಂ-ಟ್ಯೂನ್, ಓ2 (ಕೋಡನ್ನು ವೇಗಗೊಳಿಸುವ ಮಟ್ಟ) ಮತ್ತು ಪೈಪ್ (ಕಂಪೈಲ್ ಮಾಡುವಾಗ ತಾತ್ಕಾಲಿಕ ಫೈಲುಗಳನ್ನು ತಪ್ಪಿಸುವ ಆಯ್ಕೆ) ಈ ನಾಲ್ಕನ್ನು ಕೊಡಿ. ಸಿ (ಸಿಫ್ಲ್ಯಾಗ್ಸ್), ಸಿ++ ಮತ್ತು ಫೋರ್ಟ್ರಾನ್‌ನ ಚರಗಳು ಅದನ್ನೇ ಪಡೆಯುತ್ತವೆ. ನನ್ನಂತೆ ಐವಿ ಬ್ರಿಡ್ಜ್, ಹ್ಯಾಸ್ವೆಲ್ ಮತ್ತು ಝೆನ್2 ಕೂಡಿರುವಲ್ಲಿ ಎಲ್ಲಕ್ಕೂ ಒಂದೇ ಬೈನರಿ ಬೇಕಾದರೆ ಎಂ-ಆರ್ಚ್ ಎಕ್ಸ್86-64-ವಿ2 ಆಗಲೇಬೇಕು, ಎಂ-ಟ್ಯೂನ್ ಜೆನೆರಿಕ್ ಆಗಿದ್ದರೆ ಒಳ್ಳೆಯದು. ಐವಿ ಬ್ರಿಡ್ಜ್‌ನಲ್ಲಿ ಎವಿಎಕ್ಸ್ ಇದ್ದರೂ ಎವಿಎಕ್ಸ್2 ಮತ್ತು ಬಿಎಂಐ ಇಲ್ಲದಿರುವುದರಿಂದ ವಿ3 ಅದಕ್ಕೆ ಒಗ್ಗದು. ಹಳೆಯ ಯಂತ್ರ ಒಂದೆರಡೇ ಇದ್ದು, ಅವುಗಳಿಗಾಗಿ ಉಳಿದವನ್ನೆಲ್ಲ ಕೆಳಗಿಳಿಸುವುದು ಬೇಡವೆನಿಸಿದರೆ, ವಿ2 ಮತ್ತು ವಿ3 ಎಂದು ಎರಡು ಪ್ರತ್ಯೇಕ ಕ್ರೂಟ್‌ಗಳನ್ನು ಇಟ್ಟುಕೊಂಡು, ಪ್ರತಿಯೊಂದಕ್ಕೂ ಬೇರೆಯದೇ ಪ್ಯಾಕೇಜ್ ಡೈರೆಕ್ಟರಿ ಕೊಡಿ. ಎರಡನ್ನೂ ಒಂದೇ ಕಡೆ ಬೆರೆಸಬಾರದು: ಬೈನರಿ ಪ್ಯಾಕೇಜಿನ ಯೂಸ್ ಆಯ್ಕೆಗಳನ್ನು (ಯಾವ ಸೌಲಭ್ಯಗಳೊಡನೆ ಕಟ್ಟಬೇಕೆಂಬುದನ್ನು) ಜೆಂಟೂವಿನ ಪ್ಯಾಕೇಜ್ ನಿರ್ವಾಹಕವಾದ ಪೋರ್ಟೇಜ್ ಹೋಲಿಸಿ ನೋಡಬಲ್ಲದು, ಆದರೆ ಅದನ್ನು ಯಾವ ಎಂ-ಆರ್ಚ್‌ನಿಂದ ಕಟ್ಟಲಾಗಿದೆ ಎಂದು ನೋಡಿ ತಾನಾಗಿ ತಡೆಯುವುದಿಲ್ಲ. ಮೇಲಿನ ಅನಾಹುತಕ್ಕೆ ದಾರಿಯಾದದ್ದೂ ಇದೇ.

ಸಿಪಿಯು_ಫ್ಲ್ಯಾಗ್ಸ್_ಎಕ್ಸ್86 ಎಂಬ ಇನ್ನೊಂದು ಚರವನ್ನು ಬಹಳ ಜನ ಮರೆಯುತ್ತಾರೆ. ಎಂ-ಆರ್ಚ್ ಕಂಪೈಲರ್‌ಗೆ ಹೇಳುವ ಮಾತಾದರೆ, ಇದು ಪ್ಯಾಕೇಜುಗಳಿಗೆ ಹೇಳುವ ಮಾತು. ಕೈಯಲ್ಲಿ ಬರೆದ ಅಸೆಂಬ್ಲಿ ಭಾಗಗಳಲ್ಲಿ ಯಾವುದನ್ನು ಸೇರಿಸಬೇಕೆಂದು ಅವು ಇದರಿಂದ ತಿಳಿಯುತ್ತವೆ. ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಎಂಬ ಉಪಕರಣವನ್ನು ಪ್ರತಿ ಯಂತ್ರದಲ್ಲೂ ಓಡಿಸಿ, ಎಲ್ಲ ಪಟ್ಟಿಗಳಲ್ಲೂ ಇರುವವನ್ನು ಮಾತ್ರ ಆರಿಸಿ, ಪ್ಯಾಕೇಜ್.ಯೂಸ್ ಡೈರೆಕ್ಟರಿಯ ಒಂದು ಫೈಲಿನಲ್ಲಿ ಬರೆಯಿರಿ. ಎಂ-ಆರ್ಚ್ ಅನ್ನು ವಿ2ಕ್ಕೆ ಇಳಿಸಿ, ಇಲ್ಲಿ ಎವಿಎಕ್ಸ್2 ಉಳಿಸಿದರೆ ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಓ2ಗಿಂತ ಮೇಲಿನ ಮಟ್ಟದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಇಡೀ ವ್ಯವಸ್ಥೆಗೆ ಓ3 ಬೇಡ. ಅದು ಲೂಪ್‌ಗಳನ್ನು ಹಿಗ್ಗಿಸಿ ಕೋಡಿನ ಗಾತ್ರ ಹೆಚ್ಚಿಸುತ್ತದೆ, ಹೆಚ್ಚಿದ ಕೋಡು ಪ್ರೊಸೆಸರ್‌ನ ಸೂಚನಾ ಕ್ಯಾಶ್‌ನಲ್ಲಿ ಹಿಡಿಸದಿದ್ದರೆ ವೇಗ ಕುಗ್ಗುತ್ತದೆ. ಜೊತೆಗೆ ಜಿಸಿಸಿ 12ರಿಂದ ಓ2ರಲ್ಲೇ ಮಿತವಾದ ವೆಕ್ಟರೀಕರಣ (ಒಂದೇ ಸೂಚನೆಯಿಂದ ಹಲವು ಬೆಲೆಗಳ ಲೆಕ್ಕ) ಸೇರಿಕೊಂಡಿರುವುದರಿಂದ ಎರಡರ ನಡುವಿನ ಅಂತರವೂ ಕಿರಿದಾಗಿದೆ. ಸಂಖ್ಯಾ ಲೆಕ್ಕದ ಯಾವುದಾದರೂ ಒಂದು ಪ್ಯಾಕೇಜಿಗೆ ಓ3 ನಿಜಕ್ಕೂ ಬೇಕಾದರೆ ಪೋರ್ಟೇಜ್‌ನ ಎನ್ವ್ ಡೈರೆಕ್ಟರಿಯಲ್ಲಿ ಒಂದು ಫೈಲ್ ರಚಿಸಿ, ಪ್ಯಾಕೇಜ್.ಎನ್ವ್‌ನಲ್ಲಿ ಆ ಪ್ಯಾಕೇಜಿನ ಹೆಸರಿನ ಮುಂದೆ ಫೈಲಿನ ಹೆಸರು ಬರೆಯಿರಿ. ಈ ಫೈಲಿನಲ್ಲಿ ಕಾಮನ್_ಫ್ಲ್ಯಾಗ್ಸ್ ಒಂದನ್ನೇ ಬದಲಿಸಿದರೆ ಪರಿಣಾಮವಾಗದು. ಸಿಫ್ಲ್ಯಾಗ್ಸ್ ಮತ್ತು ಅದರ ಸಂಗಡಿಗ ಚರಗಳು ಆ ವೇಳೆಗಾಗಲೇ ಬೆಲೆ ಪಡೆದಿರುವುದರಿಂದ ಅವನ್ನೂ ಅಲ್ಲಿ ಮತ್ತೆ ಬರೆಯಬೇಕು. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನಂಥ ಪ್ಯಾಕೇಜಿನಲ್ಲಿ ಹೆಚ್ಚು ಹೊತ್ತು ಓಡುವ ಭಾಗವೆಲ್ಲ ಅಸೆಂಬ್ಲಿಯಲ್ಲೇ ಇರುವುದರಿಂದ ಓ3ರಿಂದ ಸಿಗುವುದು ಅತ್ಯಲ್ಪ. ಯಾವುದೇ ಬದಲಾವಣೆಯ ಮೊದಲು ಮತ್ತು ನಂತರ ಪರ್ಫ್ ಸ್ಟ್ಯಾಟ್ ಎಂಬ ಅಳತೆಯ ಆದೇಶದಲ್ಲಿ ಹತ್ತಾರು ಬಾರಿ ಓಡಿಸಿ ಅಳೆದು, ಅಂತರವು ಓಟದಿಂದ ಓಟಕ್ಕೆ ಆಗುವ ಏರುಪೇರಿಗಿಂತ ದೊಡ್ಡದಾಗಿದ್ದರೆ ಮಾತ್ರ ಉಳಿಸಿಕೊಳ್ಳಿ.

ಫಾಸ್ಟ್-ಮ್ಯಾತ್ ಆಯ್ಕೆಯನ್ನಂತೂ ವ್ಯವಸ್ಥೆಗೆಲ್ಲ ಅನ್ವಯಿಸಲೇಬಾರದು. ಅನಂತ ಮತ್ತು ಸಂಖ್ಯೆಯಲ್ಲದ ಬೆಲೆಗಳು ಬರುವುದೇ ಇಲ್ಲ ಎಂದು ಅದು ಊಹಿಸುತ್ತದೆ, ಕೂಡುವ ಅನುಕ್ರಮವನ್ನು ಬದಲಿಸುತ್ತದೆ. ಜಿಸಿಸಿ 13ಕ್ಕೆ ಮುಂಚೆ ಈ ಆಯ್ಕೆಯಿಂದ ಕಟ್ಟಿದ ಒಂದೇ ಒಂದು ಲೈಬ್ರರಿ ಲೋಡ್ ಆದರೂ ಇಡೀ ಪ್ರೋಗ್ರಾಂನ ಅತಿಸಣ್ಣ ಸಂಖ್ಯೆಗಳೆಲ್ಲ ಸೊನ್ನೆಯಾಗುತ್ತಿದ್ದವು.

ಕಂಪೈಲರ್ ಆಯ್ಕೆ ಬದಲಿಸಿದ ಮಾತ್ರಕ್ಕೆ ಈಗಾಗಲೇ ಇರುವ ಪ್ಯಾಕೇಜುಗಳು ಬದಲಾಗುವುದಿಲ್ಲ. ಹಂತವನ್ನು ಏರಿಸುವಾಗ ಇದರಿಂದ ತೊಂದರೆಯಿಲ್ಲ. ಹಳೆಯ ಬೈನರಿಗಳು ಹೊಸ ಯಂತ್ರದಲ್ಲಿ ಓಡುತ್ತಲೇ ಇರುತ್ತವೆ, ಮುಂದಿನ ಅಪ್‌ಡೇಟ್‌ಗಳಲ್ಲಿ ಒಂದೊಂದಾಗಿ ಬದಲಾದರೆ ಸಾಕು. ಇಳಿಸುವಾಗ ಮಾತ್ರ ಒಂದನ್ನೂ ಬಿಡುವಂತಿಲ್ಲ, ಮತ್ತು ಆ ಕೆಲಸ ಮೇಲಿನ ಹಂತದ ಯಂತ್ರದಲ್ಲೇ ಆಗಬೇಕು. ಜಿಸಿಸಿಯ ಜೊತೆಗೇ ಬರುವ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿಯ ತುಣುಕುಗಳು ಇತರ ಪ್ರೋಗ್ರಾಂಗಳ ಒಳಗೇ ಸೇರಿಕೊಳ್ಳುವುದರಿಂದ ಮೊದಲು ಜಿಸಿಸಿಯನ್ನು, ಆಮೇಲೆ ಜಿಲಿಬ್‌ಸಿಯನ್ನು ಕಟ್ಟಿ, ನಂತರ ಪೋರ್ಟೇಜ್‌ನ ಎಮರ್ಜ್ ಆದೇಶಕ್ಕೆ ಎಂಪ್ಟಿಟ್ರೀ ಆಯ್ಕೆ ಕೊಟ್ಟು ವರ್ಲ್ಡ್ ಗುಂಪನ್ನೆಲ್ಲ, ಅಂದರೆ ಇಡೀ ವ್ಯವಸ್ಥೆಯನ್ನು, ಮರಳಿ ಕಟ್ಟಿ. ಏಕಕಾಲಕ್ಕೆ ನಡೆಯುವ ಪ್ರತಿ ಕೆಲಸಕ್ಕೆ ಸುಮಾರು 2 ಜಿಬಿ ಮೆಮೊರಿ ಬೇಕೆಂಬ ಲೆಕ್ಕದಲ್ಲಿ ಮೇಕ್‌ಆಪ್ಟ್ಸ್ ಸಂಖ್ಯೆ ಇಡಿ.

ಹಳೆಯ ಯಂತ್ರಕ್ಕೆ ಕಳಿಸುವ ಮೊದಲು ಪರೀಕ್ಷೆ ಅಗತ್ಯ. ಬೈನರಿಯೊಳಗಿನ ಸೂಚನೆಗಳನ್ನು ಬಿಡಿಸಿ ತೋರಿಸುವ ಆಬ್ಜ್‌ಡಂಪ್‌ನಲ್ಲಿ ಎವಿಎಕ್ಸ್2 ಸೂಚನೆಗಳನ್ನು ಹುಡುಕುವುದರಿಂದ ನಿರ್ಣಯಕ್ಕೆ ಬರಲಾಗದು. ಜಿಲಿಬ್‌ಸಿ ಮೆಮೊರಿ ನಕಲಿಸುವ ತನ್ನ ಮೆಮ್‌ಕಾಪಿಯ ಹಲವು ರೂಪಗಳನ್ನು ಒಳಗಿಟ್ಟುಕೊಂಡು, ಓಡುವಾಗ ಪ್ರೊಸೆಸರ್ ನೋಡಿ ಆರಿಸುತ್ತದೆ, ಆದ್ದರಿಂದ ಸರಿಯಾದ ಬೈನರಿಯಲ್ಲೂ ಅವು ಕಾಣುತ್ತವೆ. ಸೂಚನೆಗಳನ್ನು ನಿಜವಾದ ಪ್ರೊಸೆಸರ್‌ನಲ್ಲೇ ಓಡಿಸುವ ಕೆವಿಎಂ ವರ್ಚುವಲ್ ಯಂತ್ರದಲ್ಲಿ ಹಳೆಯ ಪ್ರೊಸೆಸರ್ ಮಾದರಿಯನ್ನು ಆರಿಸಿ ಓಡಿಸುವುದೂ ಸಾಲದು, ಏಕೆಂದರೆ ಫ್ಲ್ಯಾಗ್ ಮರೆಮಾಡಿದರೂ ಬಿಎಂಐ2 ಸೂಚನೆ ಬಂದರೆ ನಿಜವಾದ ಪ್ರೊಸೆಸರ್ ಅದನ್ನು ಓಡಿಸಿಯೇ ಬಿಡುತ್ತದೆ. ಕೆವಿಎಂ ಇಲ್ಲದೆ, ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ ಆದ ಕ್ಯುಎಂಯು ತಾನೇ ಪ್ರತಿ ಸೂಚನೆಯನ್ನು ಅನುವಾದಿಸುವ ವಿಧಾನದಲ್ಲಿ ಐವಿಬ್ರಿಡ್ಜ್ ಮಾದರಿ ಕೊಟ್ಟು ಬೂಟ್ ಮಾಡಿ ನೋಡಿ. ನಿಧಾನವಾದರೂ ಇದರ ಫಲಿತಾಂಶ ನಂಬಲರ್ಹ.

ಕರ್ನಲ್ ಮೇಕ್.ಕಾನ್ಫ್‌ನ ಸಿಫ್ಲ್ಯಾಗ್ಸ್ ಅನ್ನು ಪರಿಗಣಿಸುವುದಿಲ್ಲ. 6.16ನೇ ಆವೃತ್ತಿಯಲ್ಲಿ ಅದರದೇ ಸಂರಚನೆಗೆ ನೇಟಿವ್ ಆಯ್ಕೆ ಬಂದಿದೆಯಾದರೂ, ಕರ್ನಲ್ ತನ್ನ ಸಾಮಾನ್ಯ ಕೋಡಿನಲ್ಲಿ ಎಸ್‌ಎಸ್‌ಇ, ಎವಿಎಕ್ಸ್‌ಗಳನ್ನು ಬಳಸದಂತೆ ಕಟ್ಟಲ್ಪಡುವುದರಿಂದ ಲಾಭ ಸಣ್ಣದು. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗಲೂ ಬೂಟ್ ಆಗುವ ಜೆನೆರಿಕ್ ಕರ್ನಲ್ ನನಗೆ ಅದಕ್ಕಿಂತ ಬೆಲೆಯುಳ್ಳದ್ದಾಗಿ ಕಂಡಿದೆ.

ಎಆರ್‌ಎಂ ಯಂತ್ರಗಳಲ್ಲಿ ಎಂ-ಸಿಪಿಯು ಎಂಬ ಆಯ್ಕೆಯು ಎಂ-ಆರ್ಚ್ ಮತ್ತು ಎಂ-ಟ್ಯೂನ್ ಎರಡರ ಕೆಲಸವನ್ನೂ ಮಾಡುತ್ತದೆ. ಎಕ್ಸ್86ರಲ್ಲಿ ಅದೇ ಹೆಸರು ಎಂ-ಟ್ಯೂನ್‌ನ ಹಳೆಯ ಪರ್ಯಾಯ ಮಾತ್ರ. ರಾಸ್‌ಬೆರಿ ಪೈ 4 ಒಂದಕ್ಕೇ ಕಟ್ಟುವುದಾದರೆ ಕಾರ್ಟೆಕ್ಸ್-ಎ72, ಪೈ 5 ಆದರೆ ಕಾರ್ಟೆಕ್ಸ್-ಎ76 ಎಂದು ಎಂ-ಸಿಪಿಯುಗೆ ಕೊಟ್ಟರೆ ಸಾಕು. ಪೈ 3 ಮತ್ತು ಪೈ 4 ಎರಡಕ್ಕೂ ಒಂದೇ ಬೈನರಿ ಬೇಕಾದಾಗ ಎಂ-ಆರ್ಚ್‌ಗೆ ಆರ್ಮ್‌ವಿ8-ಎ ಮತ್ತು ಸಿಆರ್‌ಸಿ ವಿಸ್ತರಣೆಯನ್ನು ಕೊಟ್ಟು, ಎಂ-ಟ್ಯೂನ್ ಅನ್ನು ಪೈ 3ರ ಕಾರ್ಟೆಕ್ಸ್-ಎ53ಗೆ ಇಡಿ. ಎ53 ಸೂಚನೆಗಳನ್ನು ಬರೆದ ಅನುಕ್ರಮದಲ್ಲೇ ಓಡಿಸುವ ಪ್ರೊಸೆಸರ್ ಆದುದರಿಂದ ಜೋಡಣೆ ಕೆಟ್ಟರೆ ಅದಕ್ಕೆ ಹೆಚ್ಚು ಪೆಟ್ಟು. ಎ72 ತಾನೇ ಅನುಕ್ರಮ ಬದಲಿಸಿಕೊಂಡು ಸಂಭಾಳಿಸುತ್ತದೆ. ಕೆಲವು ಎ53 ಚಿಪ್‌ಗಳಲ್ಲಿ 835769 ಮತ್ತು 843419 ಸಂಖ್ಯೆಯ ದೋಷಗಳಿವೆ. ಅವುಗಳಿಗೆ ಜಿಸಿಸಿಯಲ್ಲಿರುವ ಎರಡು ಎಂ-ಫಿಕ್ಸ್ ಆಯ್ಕೆಗಳನ್ನೂ ಅದೇ ಸಾಲಿಗೆ ಸೇರಿಸಿ.