ಸಾವನದುರ್ಗ ಕೊನೆಗೂ ಕಾರ್ಡಿಗೆ ಇಳಿಯಿತು

ಮಾಗಡಿ ಹತ್ತಿರದ ಸಾವನದುರ್ಗ ಬೆಟ್ಟದ ಹಳೇ ಕೆತ್ತನೆಯ ಚಿತ್ರ ಹಾಕಿ ಹಬ್ಬದ ಶುಭಾಶಯದ ಕಾರ್ಡು ಮಾಡಲು ಹೊರಟಿದ್ದೆ. ಮೊದಲ ಸಲ 500 ಕಾರ್ಡು ಆಫ್‌ಸೆಟ್‌ನಲ್ಲಿ ಹಾಕಿಸಿದೆ. ಹೆಚ್ಚುಕಡಿಮೆ 11,000 ರೂಪಾಯಿ ನೀರಿಗೆ ಹೋಯಿತು. ಬೆಟ್ಟದ ಮೇಲೆಲ್ಲ ಲುಂಗಿಯ ಹಾಗೆ ಚೌಕಳಿ! ಭಾವ ಒಂದನ್ನು ಕೈಯಲ್ಲಿ ಹಿಡಿದು, "ಯುದ್ಧದ ಚಿತ್ರ ಹಾಕಿ ಯುಗಾದಿ ಶುಭಾಶಯ ಹೇಳ್ತೀಯಲ್ಲ ಮಾರಾಯ, ಬೆಲ್ಲ ಬಿಟ್ಟು ಬರೀ ಬೇವು ಕೊಟ್ಟ ಹಾಗಾಯ್ತು" ಅಂದರು. ಅದೇ ಭಾವ ಈ ವರ್ಷ 200 ಕಾರ್ಡು ತಗೊಂಡಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿತ್ರಗಳು ರಾಬರ್ಟ್ ಹೋಮ್‌ನವು. ಬ್ರಿಟಿಷರಿಗೂ ಟಿಪ್ಪುವಿಗೂ ನಡೆದ ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ. 1794ರಲ್ಲಿ ಲಂಡನ್ನಿನಲ್ಲಿ ತಾಮ್ರದ ತಗಡಿನಿಂದ ಅಚ್ಚಾದವು. ನಂದಿದುರ್ಗ, ಸಾವನದುರ್ಗ, ಬೆಂಗಳೂರು ಕೋಟೆ ಎಲ್ಲ ಇವೆ. ಹೋಮ್ ಸತ್ತಿದ್ದು 1834ರಲ್ಲಿ, ಹಕ್ಕಿನ ತಕರಾರಿಲ್ಲ.

ಎರಡನೇ ಸಲ ಡಿಜಿಟಲ್ ಪ್ರಿಂಟಿಗೆ ಹೋದೆ. ಚೌಕಳಿ ಹೋಯಿತು, ಆದರೆ ಮಡಿಸಿದ ಕಡೆ ಟೋನರ್ (ಪುಡಿ ಮಸಿ) ಹಳೇ ಗೋಡೆಯ ಸುಣ್ಣದ ಹಾಗೆ ಉದುರಿತು. 100 ಕಾರ್ಡು, 1,800 ರೂಪಾಯಿ. ಅಂಗಡಿಯವರು ಕ್ರೀಸಿಂಗ್, ಅಂದರೆ ಮಡಿಸುವ ಗೆರೆ ಒತ್ತುವುದು, ಮಾಡಿದ್ದು ಕಾಗದದ ಎಳೆಗೆ ಅಡ್ಡವಾಗಿ. ಕೇಳಿದರೆ ತಪ್ಪು ನನ್ನದೇ ಅಂದರು.

ತಪ್ಪು ನನ್ನದೂ ಇತ್ತು ಅನ್ನಿ. ತಾಮ್ರದ ಕೆತ್ತನೆಯಲ್ಲಿ ಬೂದು ಬಣ್ಣ ಅಂತ ಒಂದಿಲ್ಲ. ಕಪ್ಪು ಗೆರೆ, ಇಲ್ಲವೇ ಖಾಲಿ ಕಾಗದ. ನಾನು ಫೋಟೋ ತೆಗೆದ ಹಾಗೆ ಸ್ಕ್ಯಾನ್ ಮಾಡಿ, ಇಲ್ಲದ ಬೂದು ಬಣ್ಣ ತಂದುಕೊಂಡಿದ್ದೆ. ಆಫ್‌ಸೆಟ್ ಅಚ್ಚು ಬೂದು ಬಣ್ಣವನ್ನು ಸಣ್ಣ ಸಣ್ಣ ಚುಕ್ಕೆಗಳಿಂದ ತೋರಿಸುತ್ತದೆ. ಆ ಗೆರೆಗಳ ಮೇಲೆ ಆಫ್‌ಸೆಟ್‌ನ ಚುಕ್ಕೆ ಕೂತರೆ ಚೌಕಳಿ ಬರದೆ ಇನ್ನೇನು?

ಹಳೇ ಪುಸ್ತಕ ಬಿಚ್ಚಿ ಹಾಳೆ ಹಾಳೆಯಾಗಿ ಮಾರುವವರಿಂದ ಸಾವನದುರ್ಗದ ಮೂಲ ಹಾಳೆ ಕೊಂಡೆ. 6,000 ರೂಪಾಯಿ. ಮನೆಯಲ್ಲಿ 600 ಅಂತ ಹೇಳಿದ್ದೇನೆ. ಹಾಳೆಯ ಹಿಂದೆ ಕರಿ ಕಾಗದ ಇಟ್ಟು 1200 ಡಿಪಿಐನಲ್ಲಿ (ಅಂಗುಲಕ್ಕೆ 1200 ಚುಕ್ಕೆ) ಬಣ್ಣದಲ್ಲೇ ಸ್ಕ್ಯಾನ್ ಮಾಡಿದೆ. ಆಮೇಲೆ ಸ್ಕ್ಯಾನಿನ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಕೆಂಪು ಪದರ (ಕೆಂಪು ಚಾನೆಲ್) ಮಾತ್ರ ಇಟ್ಟುಕೊಂಡೆ. ಕಂದು ಕಲೆಗಳು ಮುಕ್ಕಾಲು ಪಾಲು ತಾವಾಗಿಯೇ ಮಾಯ! ಅದಕ್ಕೂ ಮೊದಲು ಎರಡು ವಾರ ಒಂದೊಂದೇ ಕಲೆ ಅಳಿಸುತ್ತಾ ಕೂತಿದ್ದೆ, ನೆನೆಸಿಕೊಂಡರೆ ಈಗಲೂ ಕುತ್ತಿಗೆ ನೋಯುತ್ತದೆ. ಕೊನೆಗೆ ಬಿಟ್‌ಮ್ಯಾಪ್. ಅಂದರೆ ಪ್ರತಿ ಚುಕ್ಕೆಯೂ ಪೂರ್ತಿ ಕಪ್ಪು, ಇಲ್ಲವೇ ಪೂರ್ತಿ ಬಿಳಿ. ಯಾವುದು ಕಪ್ಪು, ಯಾವುದು ಬಿಳಿ ಅಂತ ತೀರ್ಮಾನಿಸುವ ಗಡಿಯನ್ನು (ಥ್ರೆಶೋಲ್ಡ್) ಇಡೀ ಚಿತ್ರಕ್ಕೆ ಒಂದೇ ಇಡಬೇಡಿ, ಆಕಾಶಕ್ಕೆ ಬೇರೆ, ಬಂಡೆಗೆ ಬೇರೆ. ಎಷ್ಟೆಷ್ಟು ಅಂತ ಮಾತ್ರ ಕೇಳಬೇಡಿ.

ಇಷ್ಟಾದರೂ 5x7 ಅಂಗುಲಕ್ಕೆ ಇಳಿಸಿದಾಗ ಬಂಡೆ ಮಸಿಯ ಮುದ್ದೆಯಾಯಿತು. ಭೂತಗನ್ನಡಿ ಹಿಡಿದು ಮೂಲ ನೋಡಿದೆ. ಬಂಡೆ ಉಬ್ಬಿದ ಕಡೆ ಗೆರೆಯೂ ಬಾಗಿದೆ. ನೆರಳಿರುವ ಕಡೆ ಅದರ ಮೇಲೆ ಇನ್ನೊಂದು ಸಾಲು ಓರೆಯಾಗಿ ಹಾದಿದೆ. ನಡುವಿನ ಸಂದು ಕೂದಲೆಳೆಯಷ್ಟು. ಇದನ್ನು ಕುಗ್ಗಿಸಿದರೆ ಸಂದು ಮುಚ್ಚಿಹೋಗುತ್ತದೆ. ಹಾಗಾಗಿ ಕುಗ್ಗಿಸುವುದನ್ನೇ ಬಿಟ್ಟೆ. ಇಡೀ ಚಿತ್ರ ಬೇಡ, ಕಾರ್ಡಿಗೆ ಹಿಡಿಸುವಷ್ಟು ತುಂಡನ್ನು ಮೂಲದ ಅಳತೆಯಲ್ಲೇ ಕತ್ತರಿಸಿಕೊಂಡೆ. ಎಲ್ಲರೂ ಬೈದರು, ಆದರೆ ಕೆಲಸ ಆಗಿದ್ದು ಇದರಿಂದಲೇ.

ಆ ತುಂಡಿನ ಗೆರೆಗಳು ಉಬ್ಬಿ ನಿಲ್ಲುವ ಅಚ್ಚು, ಅಂದರೆ ಬ್ಲಾಕು, ಮಾಡಿಸಲು ಸುಮಾರು 1,400 ರೂಪಾಯಿ ಆಯಿತು. ಲಗ್ನಪತ್ರಿಕೆ ಹಾಕುವ ಹಳೇ ಟ್ರೆಡಲ್ ಪ್ರೆಸ್ಸಿನ (ಬ್ಲಾಕಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತುವ ಯಂತ್ರ) ಯಜಮಾನರು ಮೊದಲು, "ಇಷ್ಟು ಸಣ್ಣ ಗೆರೆ ನಿಲ್ಲಲ್ಲ, ಸುಮ್ನೆ ದುಡ್ಡು ದಂಡ" ಅಂದರು. ಆಮೇಲೆ ಅವರೇ ಹಿಂದೆ ಕಾಗದದ ಚೂರು ಅಂಟಿಸಿ, ತೆಗೆದು, ಮತ್ತೆ ಅಂಟಿಸಿ ಒತ್ತಡ ಸರಿಮಾಡಿದರು. ಅರ್ಧ ದಿನ ಅದಕ್ಕೇ ಹೋಯಿತು. ಬರೀ ಕಪ್ಪು ಮಸಿ ತುಂಬ ಹೊಸದಾಗಿ ಕಾಣುತ್ತದೆ, ಅದಕ್ಕೆ ಒಂದು ಬಣ್ಣ ಚೂರು ಬೆರೆಸುತ್ತೇನೆ. ಯಾವ ಬಣ್ಣ ಅನ್ನುವುದು ನನಗೂ ಯಜಮಾನರಿಗೂ ಗೊತ್ತು, ಅಷ್ಟು ಸಾಕು. ಕೊನೆಗೆ ಮಸಿ ಇಲ್ಲದ ಖಾಲಿ ಬ್ಲಾಕು ಒತ್ತಿ ತಾಮ್ರದ ತಗಡು ಒತ್ತಿದರೆ ಚಿತ್ರದ ಸುತ್ತ ಬೀಳುವಂಥ ತಗ್ಗು ಮೂಡಿಸಿದೆವು. ಜನ ಚಿತ್ರ ನೋಡುವ ಮೊದಲು ಅದರ ಮೇಲೆ ಬೆರಳಾಡಿಸುತ್ತಾರೆ!

ನಡುವೆ ಹುಚ್ಚಾಟಗಳೂ ನಡೆದವು. ಹಳೇ ಕಳೆ ಬರಲಿ ಅಂತ ಕಾಗದವನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿದೆ. ಒಣಗಿದ ಮೇಲೆ ಹಪ್ಪಳದ ಹಾಗೆ ಸುರುಳಿಯಾಯಿತು. ಹೋಮ್ ಬರೆದ ಇನ್ನೊಂದು ಚಿತ್ರದಲ್ಲಿ ಮೈಸೂರಿನ ಸಿಪಾಯಿ ರಾಕೆಟ್ಟನ್ನೇ ಬಾವುಟದ ಕಂಬ ಮಾಡಿಕೊಂಡು ನಿಂತಿದ್ದಾನೆ. ಅದು ಕೆತ್ತನೆಯಲ್ಲ, ಗೆಳೆಯನ ಕೈಲಿ ಗೆರೆಗಳಲ್ಲಿ ಬರೆಸಿ ದೀಪಾವಳಿ ಕಾರ್ಡು ಮಾಡಿದೆ. ರಾಕೆಟ್ ತಾನೇ, ಹಬ್ಬಕ್ಕೆ ಸರಿಹೋಯ್ತಲ್ವಾ? 150 ಹಾಕಿಸಿದ್ದು ನಾಲ್ಕೇ ದಿನದಲ್ಲಿ ಖಾಲಿ.

ಲೆಕ್ಕ ಹೇಳುವುದಾದರೆ, ಕವರ್ ಸೇರಿ ಕಾರ್ಡಿಗೆ 13-14 ರೂಪಾಯಿ ಬೀಳುತ್ತದೆ, 40ಕ್ಕೆ ಮಾರುತ್ತೇನೆ. ಹಳೇ ನಷ್ಟ ಪೂರ್ತಿ ತೀರಿಲ್ಲ, ಇನ್ನೊಂದು ಹಬ್ಬ ಬೇಕು.

ಒಂದು ತಲೆನೋವು ಉಳಿದಿದೆ. ಯುಗಾದಿಗೆ ಕಾರ್ಡು ಕೊಳ್ಳಲು ಬಂದ ಹೆಂಗಸೊಬ್ಬರು ಕೆಳಗಿನ ಹೆಸರು ಓದಿ, "ಹೆಸರಲ್ಲೇ ಸಾವು ಇದೆಯಲ್ಲಪ್ಪಾ" ಅಂತ ವಾಪಸ್ ಇಟ್ಟರು. ಈಗ ಹೆಸರು ಹಿಂಬದಿಗೆ ಹೋಗಿದೆ, ಸಣ್ಣ ಅಕ್ಷರದಲ್ಲಿ: ಮಾಗಡಿ ಹತ್ತಿರದ ಬೆಟ್ಟ, 1791. ನಂದಿದುರ್ಗದ ಹಾಳೆ ಹುಡುಕುತ್ತಿದ್ದೇನೆ. ಮನೆಯಲ್ಲಿ ಎಷ್ಟು ಹೇಳಬೇಕು ಅಂತ ಇನ್ನೂ ತೀರ್ಮಾನಿಸಿಲ್ಲ.