ಎಬ್ಬಿಸಿ ನಿಲ್ಲಿಸಿ ಕೇಳುವುದನ್ನು ಬಿಟ್ಟೆ

ಹಾಸನದ ಡಿಗ್ರಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. 14 ವರ್ಷ ಆಯಿತು. ನನ್ನ ಕ್ಲಾಸಿನ ಮಕ್ಕಳ ಮನೆಮಾತು ಎಷ್ಟು ಬಗೆ ಅನ್ನುವುದು ಬಹಳ ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ಸಕಲೇಶಪುರದ ಕಾಫಿ ಎಸ್ಟೇಟ್ ಕೂಲಿಯವರ ಲೈನ್‌ಮನೆಗಳಿಂದ ಬರುವವರು ಮನೆಯಲ್ಲಿ ತಮಿಳು ಆಡುತ್ತಾರೆ. ಪೆನ್ಷನ್ ಮೊಹಲ್ಲಾದ ಮಕ್ಕಳದು ಉರ್ದು. ಅರಸೀಕೆರೆ ಕಡೆಯ ತಾಂಡಾದವರದು ಲಂಬಾಣಿ. ಪಕ್ಕದ ಕೌಶಿಕದ ಹುಡುಗನ ಮನೆಯಲ್ಲಿ ತಮಿಳಿಗೆ ಹತ್ತಿರದ ಸಂಕೇತಿ. ಬ್ಯಾರಿ, ತುಳು ಆಡುವವರೂ ಇದ್ದಾರೆ. ಕ್ಲಾಸಿಗೆ ಬಂದ ಮೇಲೆ ಎಲ್ಲರದೂ ಕನ್ನಡ. ಕನ್ನಡ ನಮ್ಮನ್ನು ಒಂದೇ ಬೆಂಚಿನಲ್ಲಿ ಕೂರಿಸುತ್ತದೆ, ಅದು ನನಗೆ ಬೇಕು. ಆದರೆ ಮನೆಮಾತಿನ ಜೊತೆ ಮನೆಯ ಕಥೆಯೂ ಬಾಗಿಲಾಚೆ ಉಳಿದುಬಿಡುತ್ತಿತ್ತು.

ಅದನ್ನು ಒಳಗೆ ತರಬೇಕು ಅಂತ ಹೊರಟು ನಾನು ಮೊದಲು ಮಾಡಿದ್ದು ತಪ್ಪು ಕೆಲಸ.

ಬುಡಕಟ್ಟುಗಳ ಪಾಠ ನಡೆಯುತ್ತಿತ್ತು. ಬೇಲೂರು ಕಡೆಯ ಒಬ್ಬ ಹುಡುಗಿ ಹಕ್ಕಿಪಿಕ್ಕಿ ಸಮುದಾಯದವಳು. ಅದು ನನಗೆ ಗೊತ್ತಾಗಿದ್ದು ಸ್ಕಾಲರ್‌ಶಿಪ್ ಅರ್ಜಿ ನೋಡಿ. ಅವಳಾಗಿ ಯಾರಿಗೂ ಹೇಳಿರಲಿಲ್ಲ. "ನಿಮ್ಮವರ ಬಗ್ಗೆ ನಾಲ್ಕು ಮಾತು ಹೇಳಮ್ಮಾ, ಎಲ್ಲರೂ ತಿಳಿದುಕೊಳ್ಳಲಿ" ಅಂದೆ. ಅವಳು ಎದ್ದು ನಿಂತಳು. ಡೆಸ್ಕಿನ ಅಂಚು ಹಿಡಿದುಕೊಂಡು, "ಗೊತ್ತಿಲ್ಲ ಮೇಡಂ" ಅಂದಳು. ಹಿಂದಿನಿಂದ ಯಾರೋ "ಹಕ್ಕಿ ಹಿಡೀತಾರಾ?" ಅಂದರು. ಒಂದಿಷ್ಟು ಜನ ನಕ್ಕರು. ಮಾರನೇ ದಿನ ಅವಳು ಬರಲಿಲ್ಲ. ಹನ್ನೆರಡು ದಿನ ಬರಲಿಲ್ಲ.

ಬಂದ ದಿನ ಸ್ಟಾಫ್ ರೂಮಿನ ಹೊರಗೆ ಅವಳನ್ನು ಕಂಡು, ತಪ್ಪು ನನ್ನದು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆ ಯಾರನ್ನೂ ಹಾಗೆ ಕೇಳಲಿಲ್ವಲ್ಲ ಮೇಡಂ" ಅಂದಳು.

ಆ ಒಂದು ಮಾತಿನ ಮೇಲೆ ನಾನು ಪಾಠದ ರೀತಿಯನ್ನೇ ತಿರುಗಿಸಿದೆ. ಒಬ್ಬರನ್ನು ಕೇಳುವಂಥ ಪ್ರಶ್ನೆ ಎಲ್ಲರನ್ನೂ ಕೇಳುವಂಥದ್ದಾಗಿರಬೇಕು. ಇಲ್ಲವಾದರೆ ಕೇಳಬಾರದು. ಇನ್ನು, ಕಚೇರಿಯ ಕಾಗದದಿಂದ ನನಗೆ ತಿಳಿದದ್ದು ಕ್ಲಾಸಿನಲ್ಲಿ ಬಾಯಿಗೆ ಬರಲೇಬಾರದು.

ಈಗ ಪ್ರತಿ ವರ್ಷ ಮೊದಲ ಅಸೈನ್‌ಮೆಂಟ್ ಒಂದೇ. ನಿಮ್ಮ ಮನೆಯವರು ಈಗಿರುವ ಊರಿಗೆ ಯಾವಾಗ ಬಂದರು, ಎಲ್ಲಿಂದ ಬಂದರು, ಯಾಕೆ ಬಂದರು? ಮನೆಯ ಹಿರಿಯರನ್ನು ಕೇಳಿ ಎರಡು ಪುಟ ಬರೆಯಬೇಕು. ಮನೆಯದು ಬೇಡ ಅನ್ನಿಸಿದವರು ತಮ್ಮ ಬೀದಿಯದನ್ನೋ, ಊರಿನ ಕೆರೆಯದನ್ನೋ ಬರೆಯಬಹುದು. ಮಾರ್ಕ್ಸ್ ಎರಡಕ್ಕೂ ಒಂದೇ. ಪುಟದ ಮೂಲೆಯಲ್ಲಿ "ಓದಬಹುದು" ಅಥವಾ "ಓದಬೇಡಿ" ಅಂತ ಬರೆದಿರಬೇಕು. "ಓದಬೇಡಿ" ಅಂತ ಇದ್ದರೆ ಅದು ನನ್ನಲ್ಲೇ ಉಳಿಯುತ್ತದೆ.

ಮೊದಲ ವರ್ಷವೇ ನಾನು ಎಣಿಸದೇ ಇದ್ದದ್ದು ಬಂತು. ನಾವು ಇಲ್ಲಿಯವರೇ, ಬರೆಯಲು ಏನಿದೆ ಅಂತ ಕೇಳಿದ ಒಬ್ಬ ಗೌಡರ ಹುಡುಗ ಮುಂದಿನ ವಾರ ನಾಲ್ಕು ಪುಟ ತಂದ. ಅವನ ಅಜ್ಜನ ಊರು ಹೇಮಾವತಿ ನೀರಿನಲ್ಲಿ ಮುಳುಗಿತ್ತು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡವರು ಕ್ಲಾಸಿನಲ್ಲಿ ಬೇಕಾದಷ್ಟು ಜನ. ಅದರ ಸುತ್ತಮುತ್ತ ಮನೆಗಳಿದ್ದವು, ಆ ಮನೆಗಳವರು ಎಲ್ಲಿಗೋ ಹೋದರು ಅಂತ ಯೋಚಿಸಿದವರು ಕಡಿಮೆ. ಎಚ್‌ಆರ್‌ಪಿ ಜಮೀನು, ಅಂದರೆ ಹೇಮಾವತಿ ಜಲಾಶಯ ಯೋಜನೆಯಲ್ಲಿ ನೆಲ ಕಳೆದುಕೊಂಡವರಿಗೆ ಕೊಟ್ಟ ಜಮೀನು, ಅಂತ ಮನೆಯಲ್ಲಿ ದಿನಾ ಕೇಳುತ್ತಿದ್ದ ಮಾತಿನ ಅರ್ಥ ಅವನಿಗೆ ಆವತ್ತು ಆಯಿತಂತೆ. ಲೈನ್‌ಮನೆಯ ಹುಡುಗ ತನ್ನ ಮುತ್ತಜ್ಜಿ ಸೇಲಂ ಕಡೆಯಿಂದ ಕಾಫಿ ಕೆಲಸಕ್ಕೆ ಬಂದದ್ದು ಓದಿದ. ಗೌಡರ ಹುಡುಗ ತಿರುಗಿ ಕೂತು ಕೇಳಿದ. ಎಲ್ಲಿಂದಲೋ ಬಂದವರು ಅನ್ನುವ ಮಾತು ಆಮೇಲೆ ಕ್ಲಾಸಿನಲ್ಲಿ ಯಾರನ್ನೂ ಚುಚ್ಚುವ ಮಾತಾಗಿ ಉಳಿಯಲಿಲ್ಲ. ಕೆಲವು ಪುಟಗಳನ್ನು ಓದಿ ರಾತ್ರಿ ನಿದ್ದೆ ಬಂದಿಲ್ಲ. ಊರಿನವರು ಬಾವಿಗೆ ಬಿಡಲಿಲ್ಲ, ಅದಕ್ಕೇ ಪೇಟೆಗೆ ಬಂದೆವು ಅಂತ ಒಂದು. ಮೂಲೆಯಲ್ಲಿ "ಓದಬೇಡಿ" ಅಂತ ಇತ್ತು.

ಕಾಲೇಜುಗಳಲ್ಲಿ ಎಥ್ನಿಕ್ ಡೇ ಮಾಡುತ್ತಾರೆ. ಪಂಚೆ, ಸೀರೆ, ಸೆಲ್ಫಿ. ಮಕ್ಕಳು ಖುಷಿಪಡುತ್ತಾರೆ, ನನಗೂ ಇಷ್ಟ. ಆದರೆ ಅಷ್ಟಕ್ಕೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಶಿಕ್ಷಣತಜ್ಞ ಜೇಮ್ಸ್ ಬ್ಯಾಂಕ್ಸ್ ಬಹುಸಂಸ್ಕೃತಿಯ ಪಾಠಕ್ಕೆ ನಾಲ್ಕು ಮೆಟ್ಟಿಲು ಹೇಳುತ್ತಾರೆ. ಹಬ್ಬ ಮತ್ತು ಮಹಾಪುರುಷರನ್ನು ನೆನೆಯುವುದು ಅದರಲ್ಲಿ ಮೊದಲ ಮೆಟ್ಟಿಲು. ಪಾಠವನ್ನೇ ಬೇರೆಯವರ ಕಣ್ಣಿನಿಂದ ನೋಡುವಂತೆ ಬದಲಿಸುವುದು ಮೂರನೆಯದು. ನನಗೆ ಬೇಕಾದದ್ದು ಆ ಮೂರನೆಯದು.

ಹಾಗಾಗಿ ಜೈನರ ಮತ್ತು ಶ್ರೀವೈಷ್ಣವರ ಜಗಳ ತೀರಿಸಿದ ವಿಜಯನಗರದ ಬುಕ್ಕರಾಯನ 1368ರ ಶಾಸನವನ್ನು ಸುಮ್ನೆ "ಮತಸಹಿಷ್ಣುತೆ" ಅಂತ ಬರೆಸಿ ಮುಂದೆ ಹೋಗುವುದಿಲ್ಲ. ದೂರು ಕೊಟ್ಟವರು ಯಾರು ಅಂತ ಕೇಳುತ್ತೇನೆ. ಜೈನರು. ಯಾವುದಕ್ಕೆ? ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿಗೆ. ಮೆರವಣಿಗೆಯಲ್ಲಿ ವಾದ್ಯ ಯಾರದು ಅನ್ನುವ ಜಗಳ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅವರೇ ಮಾತು ಶುರು ಮಾಡುತ್ತಾರೆ.

ಸಣ್ಣ ಬದಲಾವಣೆಗಳೂ ಇವೆ. ನವೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಹಣ್ಣು ಕೊಯ್ಯುವ ಕಾಲ. ಎಸ್ಟೇಟಿನ ಮಕ್ಕಳು ಕೂಲಿಗೆ ಹೋಗುತ್ತಾರೆ. ಅಟೆಂಡೆನ್ಸ್ 75 ಪರ್ಸೆಂಟ್ ಬೇಕು, ಅದನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಅಸೈನ್‌ಮೆಂಟ್ ತಾರೀಖು ನನ್ನ ಕೈಯಲ್ಲಿದೆ. ಅದಕ್ಕೆ ಎಲ್ಲರಿಗೂ ಎರಡು ತಾರೀಖು ಕೊಡುತ್ತೇನೆ, ಕಾರಣ ಕೇಳುವುದಿಲ್ಲ. ಇಬ್ಬಿಬ್ಬರು ಕೂತು ಚರ್ಚೆ ಮಾಡುವಾಗ ಯಾವ ಮಾತಾದರೂ ಸರಿ, ಬರೆಯುವಾಗ ಕನ್ನಡ. ಇದರಿಂದ ಬಾಯಿ ಬಿಡದವರು ಜಾಸ್ತಿ ಮಾತಾಡಿದ್ದು ಕಂಡಿದ್ದೇನೆ.

ಶ್ರವಣಬೆಳಗೊಳಕ್ಕೆ ವರ್ಷಕ್ಕೊಮ್ಮೆ ಕರೆದೊಯ್ಯುತ್ತೇನೆ. ಹುಡುಗಿಯರಿಗೆ ಸರ್ಕಾರಿ ಬಸ್ ಫ್ರೀ. ಹುಡುಗರ ಚಾರ್ಜಿಗೆ ಎಲ್ಲರೂ ಸೇರಿ ಹಾಕುತ್ತೇವೆ. ವಿಂಧ್ಯಗಿರಿಯ ಮೆಟ್ಟಿಲು 600ಕ್ಕೂ ಜಾಸ್ತಿ. ಹತ್ತಲಾಗದವರು ಚರ್ಚೆಯಿಂದ ಹೊರಗುಳಿಯಬಾರದು ಅಂತ ಶಾಸನದ ಫೋಟೋ ಪ್ರಿಂಟ್ ಹಾಕಿಸಿ ಹಿಂದಿನ ದಿನವೇ ಕ್ಲಾಸಿನಲ್ಲಿ ಓದಿಸುತ್ತೇನೆ.

ಆ ಮೊದಲ ವರ್ಷವೂ ಹಾಗೇ ಓದಿಸಿದೆ. 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಹೆಸರು ಕಾಲ ಬಳಿ ಮೂರು ಭಾಷೆಯಲ್ಲಿದೆ. "ಶ್ರೀ ಚಾವುಂಡರಾಜಂ ಮಾಡಿಸಿದಂ" ಅಂತ ಕನ್ನಡ. ತಮಿಳಿನ "ಶೆಯ್‌ವಿತ್ತಾನ್" ಓದಿದ ಕೂಡಲೇ ಲೈನ್‌ಮನೆಯ ಹುಡುಗ, "ಮಾಡಿಸಿದ ಅಂತ ಮೇಡಂ, ನಮ್ಮನೇಲಿ ಶೆಯ್ ಅಂದ್ರೆ ಮಾಡು" ಅಂದ. ನಾನು ಅವನನ್ನು ಕೇಳಿರಲಿಲ್ಲ. ಆಮೇಲೆ ನಾಗರಿಯಲ್ಲಿರುವ ಮರಾಠಿ ಸಾಲು, "ಕರವಿಯಲೇಂ". ಮುಂದಿನ ಬೆಂಚಿನ ಹುಡುಗಿ, "ಉರ್ದುವಲ್ಲಿ ಕರ್‌ವಾಯಾ ಅಂತೀವಲ್ಲ, ಅದೇ ಥರ" ಅಂದಳು. ತಾಂಡಾದ ಹುಡುಗ ತನ್ನದೊಂದು ಹೇಳಿದ. ಸಂಕೇತಿ ಹುಡುಗ ತಮಿಳಿನ ಹುಡುಗನ ಪಕ್ಕಕ್ಕೆ ಹೋಗಿ ಕೂತ.

ಬೇಲೂರು ಕಡೆಯ ಆ ಹುಡುಗಿ ಕಿಟಕಿ ಪಕ್ಕ ಕೂತಿದ್ದಳು. ನನಗೆ ಹೇಳಲಿಲ್ಲ. ಪಕ್ಕದವಳಿಗೆ ಮೆಲ್ಲಗೆ, "ನಮ್ಮ ಮಾತಲ್ಲೂ ಇದಕ್ಕೆ ಹತ್ತಿರದ್ದೊಂದಿದೆ ಕಣೇ" ಅಂದಳು. ಪಕ್ಕದವಳು ಏನು ಅಂತ ಕೇಳಿದಳು. ಅವಳು ನೋಟ್‌ಬುಕ್ಕಿನ ಅಂಚಿಗೆ ಬರೆದು ತೋರಿಸಿದಳು.

ನನಗೆ ಕೇಳಿಸಿತ್ತು. ನಾನು ಆ ಕಡೆ ತಿರುಗಲಿಲ್ಲ. ಮುಂದಿನ ಸಾಲು ಓದಿಸಿದೆ.